ಬಾಗಿಲು ಗುದ್ದುವ ಆಡು

ಒಂದು ಚಿಲಕ, ಎರಡು ಮಣ್ಣಿನ ಕೊಡ, ಈಗ ಆಡಿನದೇ ಒಂದು ಕೋಡು. ರೊಟ್ಟಿಗಾಗಿ ಬಾಗಿಲು ಗುದ್ದುವ ತನ್ನ ಆಡಿನಿಂದ ಆದ ನಷ್ಟವನ್ನು ಸೋನುಬಾಯಿ ಬೆರಳು ಮಡಚಿ ಹೇಳುತ್ತಿದ್ದಳು. ಬಸವಕಲ್ಯಾಣದ ದನದ ದವಾಖಾನೆಯಲ್ಲಿ ಎಮ್ಮೆ ಹಿಡಿದು ನಿಂತಿದ್ದ ಬಸವಣಪ್ಪನ ಕಿವಿ ಅತ್ತಲೇ ಇತ್ತು. ಅವಳ ಪಕ್ಕದಲ್ಲಿ ಕೂತಿದ್ದವನು ರಾಜೇಶ್ವರದಲ್ಲಿ ಆಡು ಸಾಕುವ ಮಚ್ಚೇಂದ್ರ.

"ರೊಟ್ಟಿ ಕೊಡೋದು ಬಂದ್ ಮಾಡ್ರಿ, ಅಕ್ಕಾ," ಎಂದ ಮಚ್ಚೇಂದ್ರ.

"ಬಂದೇ ಮಾಡಿದ್ದೆನಲ್ಲೋ ತಮ್ಮಾ!"

"ಒಟ್ಟ ಕೊಡ್ತಿದ್ದಿಲ್ಲ?"

"ಒಟ್ಟ ಇಲ್ಲ. ಯಾವಾಗರ ತಲಿ ಕೆಟ್ಟಾಗ ಒಂದು ತುಂಡು ಒಗೀತಿದ್ದೆ."

"ಹಂಗಾರ ಅದನ್ನ ನೀವೇ ಕೆಡಿಸೀರಿ. ದಿನಾ ಕೊಟ್ಟು ಒಮ್ಮೆಲೇ ನಿಲ್ಲಿಸಿದ್ರ ನಾಕು ದಿನ ಗುದ್ದಿ ಸುಮ್ನಾಗ್ತಿತ್ತು. ಯಾವ ಗುದ್ದಿಗೆ ರೊಟ್ಟಿ ಬರ್ತದೋ ಗೊತ್ತಿಲ್ಲಂದ್ರ ಅದು ಗುದ್ದಕೋತನೇ ಇರ್ತದ."

"ಈ ಸಲ ಎಂಟು ದಿನ ಆತು. ಕೋಡು ಮುರದ್ರೂ ಒಂದು ಚೂರು ಕೊಟ್ಟಿಲ್ಲ!"

"ಶಾಬಾಸ್! ಇನ್ನೊಂದಿಷ್ಟು ದಿನ ತಡೀರಿ, ಮರೀತದ."

ಒಳಗಿನಿಂದ ಕರೆ ಬಂತು. ಸೋನುಬಾಯಿ ಹಗ್ಗ ಎಳೆದರೂ ಆಡು ಕಾಲೂರಿ ನಿಂತು ಅವಳ ರೊಟ್ಟಿ ಚೀಲಕ್ಕೆ ಗುದ್ದಿತು. ಮುರಿದ ಕೋಡಿನಿಂದ ರಕ್ತ ಒಸರಿತು.

"ಅಕ್ಕಾ, ಕೊಡಬ್ಯಾಡ್ರಿ!"

"ಅಯ್ಯ, ಬಾ ನನ್ನವ್ವಾ," ಎಂದು ಸೋನುಬಾಯಿ ರೊಟ್ಟಿ ಮುರಿದು ಕೊಟ್ಟಳು. ಆಡು ಅಗಿಯುತ್ತ ಅವಳ ಹಿಂದೆ ಒಳಗೆ ಹೋಯಿತು. ಅವಳ ಎಂಟು ದಿನದ ಹಟ ಒಂದು ತುತ್ತಿಗೆ ಹೋಗಿತ್ತು.