ಸೈಕಲ್ ಇಳಿದ ಗೌಡರ ಮಗ

ಚಂದ್ರಗುತ್ತಿಯಮ್ಮನ ದರ್ಶನಕ್ಕೆಂದು ದೇವಿಯ ಪದ್ಯ ಗುನುಗುತ್ತ ಶಿಕಾರಿಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆಯಂಚಿನ ಕಲ್ಲುಹಾಸಿನ ಮೇಲೆ ನಡೆದು ಬಂದ ಕುರಿಗಾಹಿ ಮನೆತನದ ಅತ್ತೆ, ಸೊಸೆ ನನ್ನ ಪಕ್ಕದಲ್ಲೇ ಕೂತರು.

“ನೋಡಿದ್ಯೇನೇ ಹನುಮಿ? ಗೌಡ್ರ ಮಗ ನನ್ನ ಕಂಡು ಸೈಕಲ್ ಇಳಿದ್ರು!”

“ನಿಮ್ಮನ್ನ ಕಂಡಲ್ಲತ್ತೆ, ಪೊಲೀಸಪ್ಪನ್ನ ಕಂಡು. ಕಲ್ಲುಹಾಸು ನಡೆಯೋರಿಗಂತೆ. ಸೈಕಲ್ನೋರು ಇಳಿದು ತಳ್ಳಬೇಕಂತ ಕಾಯ್ದೆ ಆಗೇತಿ.”

“ಅಯ್ಯೋ! ನೂರು ಕಾಲ ಬಾಳಪ್ಪ ಅಂತ ಹರಸಿಬಿಟ್ನಲ್ಲೇ!”

“ಅದಕ್ಕೇ ಅವರು ಹುಳ್ಳಗೆ ನಕ್ಕಿದ್ದು.”

“ನಿನ್ನ ಮಾವ ಸಾಯೋತನಕ ಅವರ ಮನೆ ಮುಂದೆ ಕೆರ ಕೈಯಾಗೆ ಹಿಡ್ಕಂಡು ನಡೆದ್ರು.”

“ಗೊತ್ತತ್ತೆ. ಆದ್ರೆ ಇವತ್ತು ಅವರು ಮರ್ಯಾದಿ ಕೊಟ್ಟಿದ್ದು ಕಾಯ್ದೆಗೆ, ನಿಮಗಲ್ಲ.”

ಮುದುಕಿ ಸೊಸೆಯ ಕಡೆ ತಿರುಗಿ ಕೂತಳು.

“ಆ ಕಾಯ್ದೆ ಯಾರಿಗೆ ಮಾಡಿದ್ದು ಅಂದಿ?”

“ನಡೆಯೋರಿಗೆ.”

“ಅವರು ಇಳಿದಾಗ ಎದುರಿಗೆ ನಡೀತಿದ್ದೋಳು ಯಾರೇ?”

ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು. “ನೀವೇ ಬಿಡ್ರಿ. ಏಳಿ, ಬಸ್ ಬಂತು.”

“ಬಸ್ ಯಾಕೆ? ಊರೇನು ದೂರನಾ? ನಡೆದೇ ಹೋಗಾಣ.”

ಮುದುಕಿ ಕಲ್ಲುಹಾಸಿನ ನಟ್ಟನಡುವೆ ನಡೆದಳು. ಸೊಸೆ ಗಂಟು ಹೊತ್ತು ಹಿಂದೆ ಹೋದಳು.