ಟಗರಿನ ಉಣ್ಣೆಗೆ ಸಿಕ್ಕ ರೇಸ್ ಕಾರಿನ ನಾಲ್ಕನೇ ಗಾಲಿ

ಹೆಸರು: ಪ್ರತಾಪ ಗಂಗಾರಾಮ ಕಾಂಬಳೆ. ವಯಸ್ಸು: 41 ವರ್ಷ. ಉದ್ಯೋಗ: ಮಿರಜದ ಸಿತಾರ್ ಕಾರ್ಖಾನೆಯೊಂದರಲ್ಲಿ ಲೋಹದ ಬಿಡಿಭಾಗ ಮಾಡುವುದು. ಸಾ|| ಬುಧಗಾಂವ, ತಾ|| ಮಿರಜ, ಜಿ|| ಸಾಂಗಲಿ, ಮಹಾರಾಷ್ಟ್ರ.

ಕುರಿ ಕದಿಯಲು ಬಂದವನೆಂಬ ಗುಮಾನಿಯ ಮೇಲೆ ನನ್ನನ್ನು ಇಂದು ಕರ್ನಾಟಕದ ಈ ಗಡಿ ಹೊರಠಾಣೆಗೆ ಕರೆತಂದಿರುತ್ತಾರೆ. ಹವಾಲ್ದಾರ ಸಾಹೇಬರು ಕೇಳಿದ್ದಕ್ಕೆ ನಾನು ನನ್ನ ಮನೆಮಾತಾದ ಕನ್ನಡದಲ್ಲಿ ಹೇಳಿ ಬರೆಸುವುದೇನೆಂದರೆ:

ನಾನು ಮೇಲಿನ ವಿಳಾಸದಲ್ಲಿ ಹೆಂಡತಿ ಸಪನಾಳೊಂದಿಗೆ ವಾಸವಾಗಿದ್ದೇನೆ. ಅವಳೂ ಅದೇ ಕಾರ್ಖಾನೆಯಲ್ಲಿ ಸಿತಾರಿನ ದಂಡಿಗೆ ಸ್ವರದ ಲೋಹದ ಮೆಟ್ಟಿಲುಗಳನ್ನು ದಾರದಿಂದ ಕಟ್ಟುವ ಕೆಲಸ ಮಾಡುತ್ತಾಳೆ. ಕಳೆದ ಎರಡು ವರ್ಷಗಳಿಂದ ರಜೆಯ ದಿನಗಳಲ್ಲಿ ನಾನು ತೊಂಬತ್ತು ವರ್ಷ ಹಿಂದಿನ ಒಂದು ರೇಸ್ ಕಾರಿನ ಮಾದರಿಯನ್ನು ತಯಾರಿಸುತ್ತಿದ್ದೇನೆ. ಅಸಲು ಕಾರಿನ ಎಂಟನೇ ಒಂದು ಪಾಲು ಅಳತೆ, ಉದ್ದ ಒಂದೂವರೆ ಅಡಿ. ಇದು ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಮಾಲಲ್ಲ. ಹಿತ್ತಾಳೆ ಹಾಳೆ ಬಡಿದು ಮೂತಿ ಮಾಡಿದ್ದೇನೆ, ತಾಮ್ರದ ನಳಿಗೆ ಬಾಗಿಸಿ ಹೊಗೆ ಕೊಳವೆ ಮಾಡಿದ್ದೇನೆ. ಪೆಟ್ರೋಲ್ ಟಾಕಿಯ ಮುಚ್ಚಳಕ್ಕೆ ಕೀಲು ಕೂಡ ಇದೆ, ಅದು ತೆರೆದು ಮುಚ್ಚುತ್ತದೆ. ಮುಚ್ಚಳದ ಸಂಗತಿ ಈ ಪ್ರಕರಣಕ್ಕೆ ಬೇಡ ಎಂದು ಹವಾಲ್ದಾರ ಸಾಹೇಬರು ಹೇಳಿದರು. ನಾನು ಎರಡು ಸಲ ವಿನಂತಿಸಿದ ಮೇಲೆ ಬರೆದುಕೊಂಡಿದ್ದಾರೆ.

ಈ ಕಾರಿನ ಗಾಲಿಗಳು ತಾರಿನವು. ಅಂಗೈ ಅಗಲದ ಹಿತ್ತಾಳೆ ರಿಮ್ಮು, ನಡುವೆ ಅಚ್ಚು ತೂರುವ, ಬೆರಳ ತುದಿಯಷ್ಟು ಹಬ್ಬು, ಎರಡರ ನಡುವೆ ಸಿತಾರಿನ ಉಕ್ಕಿನ ತಾರನ್ನೇ ಕತ್ತರಿಸಿ ಹೆಣೆದ ಕಡ್ಡಿಗಳು. ಮೂರು ಗಾಲಿಗಳನ್ನು ನಾನು ಹೆಣೆದೆ. ರಿಮ್ಮಿನ ಅಂಚಿಗೆ ಟಾಚಣಿ ಎಂಬ ಗುಂಡುಸೂಜಿಯ ತುದಿ ಹಿಡಿದು ತಿರುಗಿಸಿದರೆ ಈ ಮೂರೂ ಟಿಕ್ ಟಿಕ್ ಎನ್ನುತ್ತವೆ, ಅಂದರೆ ಕೂದಲೆಳೆಯಷ್ಟು ಓಲಾಡುತ್ತವೆ. ನಮ್ಮ ಮನೆಯ ಮೇಜು ಓರೆಯಾಗಿರುವುದೇ ಇದಕ್ಕೆ ಕಾರಣವೆಂದು ನಾನು ಸಪನಾಳಿಗೆ ತಿಳಿಸಿದ್ದೆ. ಅದಕ್ಕೆ ಅವಳು, ಕುಣಿಲಿಕ್ಕ ಬಾರದಾಕಿ ಅಂಗಳ ಡೊಂಕ ಅಂದ್ಳಂತ ಎಂದು ಹೇಳಿ, ನಾಲ್ಕನೇ ಗಾಲಿಯ ಸಾಮಾನನ್ನು ನನ್ನ ಕೈಯಿಂದ ಕಸಿದುಕೊಂಡಳು.

ಅವಳು ಟಾಚಣಿ ಮುಟ್ಟಲಿಲ್ಲ. ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮಿಡಿದು, ಕಿವಿಯ ಹತ್ತಿರ ಹಿಡಿದು, ಎಲ್ಲವೂ ಒಂದೇ ದನಿ ಕೊಡುವ ತನಕ ಬಿಗಿಯುತ್ತ ಹೋದಳು. ಒಂದು ತಿಂಗಳು ಹಿಡಿಯಿತು. ಮುಗಿದ ದಿನ ತಿರುಗಿಸಿ ಟಾಚಣಿ ಹಿಡಿದೆ. ಸದ್ದೇ ಇಲ್ಲ. ಆ ದಿನ ಮೇಜಿನ ಕಾಲಿಗೆ ಯಾರಾದರೂ ಕಾಗದ ಮಡಚಿ ಇಟ್ಟಿದ್ದರೋ ಏನೋ ಗೊತ್ತಿಲ್ಲ. ಆದರೆ ಅಷ್ಟು ಚಂದದ ಗಾಲಿಯನ್ನು ನಾನು ಈ ಹಿಂದೆ ನೋಡಿಲ್ಲವೆಂದು ಖುಷಿಯಿಂದ ಒಪ್ಪಿಕೊಳ್ಳುತ್ತೇನೆ.

ಬರುವ ಭಾನುವಾರ ದಿ. 16ರಂದು ಸಾಂಗಲಿಯಲ್ಲಿ ಮಾದರಿ ವಾಹನಗಳ ಪ್ರದರ್ಶನವಿದೆ. ಕಾರು ತನ್ನ ನಾಲ್ಕೂ ಗಾಲಿಗಳ ಮೇಲೆ ಉರುಳಿ ತೋರಿಸಬೇಕು, ಇಲ್ಲವಾದರೆ ಪ್ರವೇಶವಿಲ್ಲ. ಸಪನಾ ಆ ದಿನಕ್ಕೆಂದು ಸೀರೆಗೆ ಫಾಲ್ ಹಚ್ಚಿಸಿ ಇಟ್ಟಿದ್ದಾಳೆ. ತನ್ನ ಗಾಲಿ ನೋಡಲು ಬರಬೇಕೆಂದು ಓಣಿಯವರಿಗೆಲ್ಲ ಹೇಳಿದ್ದಾಳೆ.

ಇಂದು ಬೆಳಿಗ್ಗೆ 8-40ಕ್ಕೆ ನಾನು ಸದರಿ ನಾಲ್ಕನೇ ಗಾಲಿಯೊಂದಿಗೆ ಮೋಟರ್ ಸೈಕಲ್ ಮೇಲೆ ಮನೆ ಬಿಟ್ಟೆ. ಹಬ್ಬಿನ ತೂತು ಸ್ವಲ್ಪ ಬಿಗಿಯಾಗಿತ್ತು. ಮ್ಹೈಸಾಳದಲ್ಲಿ ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುವ ರಾವಸಾಬ ಎಂಬುವವರ ಲೇಥಿನಲ್ಲಿ ಅದನ್ನು ಸಡಿಲಿಸಿಕೊಂಡೆ. ಗಾಲಿಯನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಎದೆ ಜೇಬಿನಲ್ಲಿ ಇಟ್ಟುಕೊಂಡೆ. ಅದೇ ಜೇಬಿನಲ್ಲಿ ಫೋನೂ ಇತ್ತು. ಕಡ್ಡಿಗಳ ತುದಿಗಳು ರಿಮ್ಮಿನಿಂದ ಹೊರಗೆ ಮುಳ್ಳಿನ ಹಾಗೆ ಚಾಚಿದ್ದವು. ಇಂದು ಸಂಜೆ ಅರ ಹಾಕಿ ತಿಕ್ಕುವವನಿದ್ದೆ.

10-15ಕ್ಕೆ ಮ್ಹೈಸಾಳ ಬಿಟ್ಟು ಮನೆ ಕಡೆಗೆ ಸ್ವಲ್ಪ ದೂರ ಬಂದಾಗ ಎದುರಿನಿಂದ ದೊಡ್ಡ ಕುರಿ ಹಿಂಡು ಬಂತು. ಗಾಡಿ ನಿಲ್ಲಿಸಿದೆ. ಕುರಿಗಳು ನನ್ನ ಎರಡೂ ಕಡೆ ಮೈ ಉಜ್ಜಿಕೊಂಡು ಹಾಯುತ್ತಿದ್ದವು. ಆಗ ಸಪನಾಳ ಫೋನ್ ಬಂತು. ಜೇಬಿನಿಂದ ಫೋನ್ ಎಳೆದು ಮಾತಾಡಿದೆ. ಗಾಲಿ ಹುಷಾರ್ ಐತೇನ್ರಿ ಎಂದು ಕೇಳಿದಳು. ಎದಿಮ್ಯಾಲ ಇಟ್ಕೊಂಡೇನಿ, ಕಾಳಜಿ ಮಾಡಬ್ಯಾಡ ಎಂದು ಹೇಳಿದೆ. ಆ ಹೊತ್ತಿಗಾಗಲೇ ಅದು ನನ್ನ ಎದೆಯ ಮೇಲೆ ಇರಲಿಲ್ಲ. ಆದರೆ ನನಗದು ಗೊತ್ತಿಲ್ಲದ ಕಾರಣ ಅದನ್ನು ಸುಳ್ಳು ಎಂದು ಬರೆಯಬಾರದು.

ಹಿಂಡು ದಾಟಿದ ಮೇಲೆ ಜೇಬು ಮುಟ್ಟಿ ನೋಡಿದೆ. ಕರವಸ್ತ್ರ ರಸ್ತೆಯ ಮೇಲೆ ಬಿದ್ದಿತ್ತು, ಗಾಲಿ ಇರಲಿಲ್ಲ. ನನ್ನ ಜೀವ ಹಾರಿಹೋಯಿತು. ಒಂದು ತಾಸು ರಸ್ತೆ, ಗಟಾರು, ಹುಲ್ಲು ಎಲ್ಲ ಕೈಯಾಡಿಸಿದೆ. ಗಾಲಿ ರೆಕ್ಕೆ ಬಂದು ಹಾರುವ ವಸ್ತುವಲ್ಲ. ಮುಳ್ಳಿನಂಥ ತುದಿಗಳು ನೆನಪಾದವು. ಮುಳ್ಳು ಎಲ್ಲಿ ಸಿಕ್ಕುತ್ತದೆಂದು ಯೋಚಿಸಿ, ಹಿಂಡು ಹೋದ ಕಡೆಗೆ ಗಾಡಿ ತಿರುಗಿಸಿದೆ.

11-50ಕ್ಕೆ ಗಡಿ ದಾಟಿ ಒಂದು ಕಿ.ಮೀ. ಒಳಗೆ, ಕಬ್ಬು ಕಡಿದ ಹೊಲದಲ್ಲಿ ಅದೇ ಹಿಂಡು ಕಂಡಿತು. ಯಾರಿದ್ದೀರಿ ಎಂದು ಎರಡು ಸಲ ಕೂಗಿದೆ. ಉತ್ತರ ಬರಲಿಲ್ಲ. ಭಾನುವಾರ ಕಣ್ಣ ಮುಂದೆ ಇತ್ತು, ಆದ್ದರಿಂದ ಹುಡುಕಲು ತೊಡಗಿದೆ. ಕುರಿ ನಿಂತು ಕೊಡುವ ಪ್ರಾಣಿಯಲ್ಲ. ಹಿಂದಿನಿಂದ ಹೋಗಿ ಗಟ್ಟಿಯಾಗಿ ಅಪ್ಪಿಕೊಂಡು, ಉಣ್ಣೆಯೊಳಗೆ ಬೆರಳಾಡಿಸಬೇಕಾಗುತ್ತದೆ. ಹೀಗೆ ನಾನು ಹತ್ತಾರು ಕುರಿಗಳನ್ನು ಅಪ್ಪಿಕೊಂಡಿದ್ದು ನಿಜ.

ಆಗ ಬದುವಿನ ಮೇಲಿಂದ ಬುತ್ತಿ ಹೊತ್ತು ಬಂದ ಹೆಂಗಸು, ಏ ಯಾಂವೋ ನೀ, ನಮ್ಮ ಕುರಿ ಯಾಕ ತಬ್ಬಕೊಂಡಿ ಎಂದು ಚೀರಿದರು. ಇವರ ಹೆಸರು ಇಂದ್ರವ್ವ, ಕುರಿಗಳ ಒಡೆಯ ಗುರಲಿಂಗ ಅವರ ಹೆಂಡತಿ ಎಂದು ನಂತರ ತಿಳಿಯಿತು. ಗಾಲಿ ಹುಡಕಾಕತ್ತೇನ್ರಿ ಮಾವಶಿ ಎಂದು ನಾನು ವಿನಯದಿಂದ ಹೇಳಿದೆ. ಕುರಿಗೆ ಗಾಲಿ ಎಲ್ಲಿರ್ತಾವೋ ಹುಚ್ಚಪ್ಯಾಲಿ ಎಂದು ಅವರು ಬೈದರು. ಮರದ ನೆರಳಲ್ಲಿ ಮಲಗಿದ್ದ ಗುರಲಿಂಗ ಅವರು ಕೋಲು ಹಿಡಿದು ಓಡಿ ಬಂದರು. ಹೊಡೆಯಲಿಲ್ಲ. ನನ್ನ ಗಾಡಿಯ ಚಾವಿ ತೆಗೆದುಕೊಂಡು ಪೊಲೀಸರಿಗೆ ಫೋನ್ ಮಾಡಿದರು.

12-35ಕ್ಕೆ ಹವಾಲ್ದಾರ ಸಾಹೇಬರು ಸ್ಥಳಕ್ಕೆ ಬಂದರು. ನನ್ನ ಕತೆ ಖರೆಯಿದ್ದರೆ ಗಾಲಿ ಸಿಗಲೇಬೇಕು, ಇಲ್ಲದಿದ್ದರೆ ಕತೆಯನ್ನು ಠಾಣೆಯಲ್ಲಿ ಮುಂದುವರಿಸೋಣ ಎಂದು ಹೇಳಿದರು. ಗುರಲಿಂಗ ಅವರು ನಾಲಿಗೆಯಿಂದ ಒಂದು ಸದ್ದು ಮಾಡಿದ್ದೇ ತಡ, ಕುರಿಗಳೆಲ್ಲ ಬಂದು ಸುತ್ತ ನಿಂತವು. ಒಂದು ದೊಡ್ಡ ಕರಿ ಟಗರು ಬೆಳಗಿನಿಂದ ಎದೆ ಕೊಡವುತ್ತಿದೆ ಎಂದು ಹೇಳಿ ಅದರ ಕುತ್ತಿಗೆಯ ಕೆಳಗೆ ಕೈ ಹಾಕಿದರು. ತಕ್ಷಣ ಕೈ ಹಿಂದಕ್ಕೆ ಎಳೆದುಕೊಂಡರು. ಬೆರಳಿಗೆ ತಾರು ಚುಚ್ಚಿತ್ತು. ಉಣ್ಣೆ ಸರಿಸಿದಾಗ ಹಿತ್ತಾಳೆ ಹೊಳೆಯಿತು. ನಾನು ಎಲ್ಲರ ಸಮಕ್ಷಮ ಕುಣಿದೆ. ಗುರಲಿಂಗ ಅವರನ್ನೂ ಅಪ್ಪಿಕೊಂಡೆ. ಇಂವ ಸಿಕ್ಕಸಿಕ್ಕವರನ್ನ ತಬ್ಬಕೋತಾನ ನೋಡ್ರಿ ಸಾಹೇಬ್ರ ಎಂದು ಇಂದ್ರವ್ವ ಅವರು ದೂರಿದರು.

ಕಡ್ಡಿಗಳ ಸುತ್ತ ಉಣ್ಣೆ ಸಿಕ್ಕುಗಟ್ಟಿತ್ತು. ನಾನು ಕತ್ತರಿ ಕೇಳಿದೆ. ಆಗ ಗುರಲಿಂಗ ಅವರ ಮುಖ ಗಂಭೀರವಾಯಿತು. ಹೋದ ವರ್ಷ ಮೊಮ್ಮಗಳನ್ನು ಮಿರಜದ ಆಸ್ಪತ್ರೆಗೆ ಸೇರಿಸಿದಾಗ ಈ ಟಗರನ್ನು ಬೀರಪ್ಪ ದೇವರ ಹೆಸರಿಗೆ ಬಿಟ್ಟಿದ್ದಾಗಿಯೂ, ಮಗು ನಡೆಯುತ್ತ ಮನೆಗೆ ಬಂದಿದ್ದಾಗಿಯೂ, ಬರುವ ಅಮಾವಾಸ್ಯೆಯ ದಿನ ಗುಡಿಯ ಮುಂದೆಯೇ ಇದರ ಉಣ್ಣೆ ಕತ್ತರಿಸಬೇಕೆಂದು ಹರಕೆ ಇರುವುದಾಗಿಯೂ ತಿಳಿಸಿದರು. ಅಲ್ಲಿತನಾ ಒಂದ ಎಳಿಗೂ ಕತ್ತರಿ ಹಚ್ಚೂದಿಲ್ರಿ ಸಾಹೇಬ್ರ, ನನ್ನ ಒಳಗ ಹಾಕ್ರಿ ಬೇಕಾದ್ರ ಎಂದರು. ಪ್ರದರ್ಶನ ಬರುವ ಭಾನುವಾರ, ಅಮಾವಾಸ್ಯೆ ಅದರ ನಂತರದ ಗುರುವಾರ. ಗಾಲಿಯನ್ನು ಎಳೆದರೆ ಕಡ್ಡಿ ಬಾಗುತ್ತದೆ. ಮಗುವಿನ ಹರಕೆಯ ಮುಂದೆ ನನ್ನ ಗಾಲಿ ಯಾವ ಲೆಕ್ಕ ಎಂದು ನಾನೇ ಕೈ ಕಟ್ಟಿ ನಿಂತೆ.

ಮುದ್ದೆಮಾಲಾದ ಗಾಲಿ ಟಗರಿನ ಮೈಮೇಲೆ ಇದ್ದ ಕಾರಣ ಟಗರನ್ನೂ ಹೊರಠಾಣೆಗೆ ಕರೆತರಲಾಯಿತು. ಅದರ ಹಿಂದೆ ಹಿಂಡೂ ಬಂತು. ಗಾಲಿ ನಮ್ಮದೇ ಎಂಬುದಕ್ಕೆ ಪುರಾವೆಯಾಗಿ ಕಾರನ್ನು ತರಿಸಬೇಕೆಂದು ಹವಾಲ್ದಾರ ಸಾಹೇಬರು ಹೇಳಿದರು. ಹೆದರುತ್ತಲೇ ಸಪನಾಳಿಗೆ ಫೋನ್ ಮಾಡಿದೆ. 2-30ಕ್ಕೆ ಅವಳು ಮೂರು ಗಾಲಿಯ ಕಾರನ್ನು ರಟ್ಟಿನ ಡಬ್ಬಿಯಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಟಗರನ್ನು ನೋಡಿದಳು. ಅದರ ಎದೆಯ ಮೇಲಿನ ಗಾಲಿಯನ್ನು ನೋಡಿದಳು. ಎದಿಮ್ಯಾಲ ಇಟ್ಟೇನಿ ಅಂದ್ರಿ, ಯಾರ ಎದಿಮ್ಯಾಲ ಅಂತ ಹೇಳಲಿಲ್ಲ ಎಂದು ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ನಕ್ಕಿದ್ದರಿಂದ ನನಗೆ ಮೈಯಲ್ಲಿ ಜೀವ ಬಂತು.

ಹರಕೆಯ ವಿಷಯ ತಿಳಿದ ಮೇಲೆ ಸಪನಾ ಅಂಗಳದಲ್ಲಿ ಟಗರಿನ ಮುಂದೆ ಕುಳಿತಳು. ಇಂದ್ರವ್ವ ಅವರು ಆಚೆ ಕಡೆ ಕುಳಿತರು. ಅವರು ಉಣ್ಣೆ ನೂಲುವವರು, ಇವಳು ತಾರು ಹೆಣೆದವಳು. ಎಳಿ ನೀ ಮುಟ್ಟಬ್ಯಾಡ, ತಾರ ನಾ ಮುಟ್ಟೂದಿಲ್ಲ ಎಂದು ಇಂದ್ರವ್ವ ಅವರು ಮೊದಲೇ ಒಪ್ಪಂದ ಮಾಡಿಕೊಂಡರು. ಐದು ನಿಮಿಷದಲ್ಲಿ ಇಬ್ಬರೂ ಎರಡನ್ನೂ ಮುಟ್ಟುತ್ತಿದ್ದರು. ಒಂದೊಂದೇ ಎಳೆಯನ್ನು ಕಡ್ಡಿಯಿಂದ ಬಿಡಿಸಿದರು. ಗುರಲಿಂಗ ಅವರು ಕೊಂಬು ಹಿಡಿದಿದ್ದರು. ಟಗರು ಅವರ ಬುತ್ತಿಯ ಎರಡು ರೊಟ್ಟಿಯನ್ನೂ, ಹೊರಠಾಣೆಯ ದಾಸವಾಳದ ಒಂದು ಟೊಂಗೆಯನ್ನೂ ತಿಂದಿತು. 3-40ಕ್ಕೆ ಗಾಲಿ ಹೊರಗೆ ಬಂತು. ಒಂದು ಎಳೆಯೂ ಕತ್ತರಿಸಿಲ್ಲ. ತಾನಾಗಿ ಉದುರಿದ ಎಳೆಗಳನ್ನು ಇಂದ್ರವ್ವ ಅವರು ಗುಡಿಗೆ ಒಯ್ಯಲೆಂದು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಾರೆ.

ಸಪನಾ ಕಡ್ಡಿಗಳನ್ನು ಮಿಡಿದು ನೋಡಿದಳು. ಒಂದರ ದನಿ ಇಳಿದಿತ್ತು, ಅದನ್ನು ಬಿಗಿದಳು. ನಂತರ ಹವಾಲ್ದಾರ ಸಾಹೇಬರ ಮೇಜಿನ ಮೇಲೆ ಎರಡು ದಪ್ಪ ಪುಸ್ತಕಗಳ ನಡುವೆ ಕಾರಿನಿಂದ ತೆಗೆದ ಅಚ್ಚಿನ ಸರಳು ಇಟ್ಟು ಗಾಲಿಯನ್ನು ತಿರುಗಿಸಿದೆವು. ಸಾಹೇಬರೇ ತಮ್ಮ ಟಾಚಣಿ ಹಿಡಿದರು. ಸದ್ದಿಲ್ಲ. ಗಾಲಿ ಮೊದಲಿಗಿಂತ ಎಷ್ಟೋ ಹೆಚ್ಚು ಹೊತ್ತು ತಿರುಗುತ್ತಲೇ ಇತ್ತು. ನಮ್ಮ ಕುರಿ ಜಿಡ್ಡ ಹತ್ತೇತಿ, ಅದಕ್ಕ ನಿಲ್ಲವಲ್ದು ಎಂದು ಇಂದ್ರವ್ವ ಅವರು ಹೇಳಿದರು. ಎಲ್ಲರೂ ಮೇಜಿನ ಮೇಲೆ ಬಾಗಿ ನೋಡುತ್ತಿದ್ದೆವು. ಇಂಥ ಸಂತೋಷ ನನಗೆ ಪೊಲೀಸ್ ಠಾಣೆಯಲ್ಲಿ ಸಿಗುತ್ತದೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಆಮೇಲೆ ಸಾಹೇಬರು ಉಳಿದ ಮೂರು ಗಾಲಿಗಳನ್ನೂ ತಿರುಗಿಸಿದರು. ಮೂರೂ ಟಿಕ್ ಟಿಕ್ ಎಂದವು. ಈ ಠಾಣೆಯ ಮೇಜು ಓರೆಯಾಗಿದೆ ಎಂದು ನಾನು ಹೇಳಿದೆ. ಸಾಹೇಬರು ತಮ್ಮ ಪೆನ್ನನ್ನು ಮೇಜಿನ ಮೇಲೆ ಅಡ್ಡ ಇಟ್ಟರು. ಅದು ಉರುಳಲಿಲ್ಲ. ಸಪನಾ ನನ್ನ ಮುಖ ನೋಡಿದಳು. ಡೊಂಕು ಅಂಗಳದ ಗಾದೆ ನನಗೇ ನೆನಪಾಯಿತು.

ಗುರಲಿಂಗ ಅವರು ಕುರಿಗಳನ್ನು ಎಣಿಸಿ, ಎಲ್ಲವೂ ಇವೆಯೆಂದೂ ನನ್ನ ಮೇಲೆ ತಕರಾರು ಇಲ್ಲವೆಂದೂ ಹೇಳಿ ಚಾವಿ ಮರಳಿಸಿದರು. ಅಮಾಸಿಗೆ ಈ ಸಣ್ಣ ಕಾರ ತಗೊಂಡು ಗುಡೀಗೆ ಬರ್ರಿ, ನಮ್ಮ ಮೊಮ್ಮಗಳು ನೋಡ್ಲಿ ಎಂದು ಕರೆದರು. ನಾವು ಬರುವುದಾಗಿ ಒಪ್ಪಿದ್ದೇವೆ.

ಗಾಲಿ ಯಾರ ಸ್ವತ್ತು, ಯಾರಿಗೆ ಒಪ್ಪಿಸಬೇಕು ಎಂದು ಸಾಹೇಬರು ಕೇಳಿದ್ದಕ್ಕೆ, ಕಾರು ನನ್ನದು, ಈ ಗಾಲಿ ಸಪನಾಳದು, ಅವಳ ಕೈಗೇ ಕೊಡಬೇಕು ಎಂದು ಹೇಳಿದ್ದೇನೆ. ಅವಳು ಸಹಿ ಮಾಡಿ ಪಡೆದುಕೊಂಡು, ಭಾನುವಾರದೊಳಗೆ ಉಳಿದ ಮೂರನ್ನೂ ಬಿಚ್ಚಿ ತಾನೇ ಹೆಣೆಯುವುದಾಗಿ ಎಲ್ಲರ ಮುಂದೆ ತಿಳಿಸಿದಳು. ಒಂದಕ್ಕೆ ತಿಂಗಳು ಹಿಡಿದಿತ್ತಲ್ಲ ಎಂದೆ. ಆಗ ನೀವು ನಡನಡುವ ಬಾಯಿ ಹಾಕ್ತಿದ್ರಿ ಎಂದಳು. ಮೂರು ಗಾಲಿಗಳನ್ನು ಕಳಚಿ ಅವಳ ಮಡಿಲಿಗೆ ಹಾಕಿದ್ದೇನೆ. ಇದಕ್ಕೆ ನನ್ನ ತಕರಾರು ಏನೂ ಇಲ್ಲ.

ನಾನು ಹೇಳಿದಂತೆಯೇ ಬರೆದು ನನಗೆ ಓದಿ ಹೇಳಿದ್ದಾರೆ. ಇದರಲ್ಲಿ ಇರುವುದೆಲ್ಲ ಖರೆ. ಮೇಜಿನ ಬಗ್ಗೆ ಹೇಳಿದ್ದು ಮಾತ್ರ, ಎರಡೂ ಮೇಜುಗಳ ಬಗ್ಗೆ, ಖರೆಯಲ್ಲ.

ಸ್ಥಳ: ಗಡಿ ಹೊರಠಾಣೆ, ಮ್ಹೈಸಾಳ–ಕಾಗವಾಡ ರಸ್ತೆ
ದಿನಾಂಕ: 14-11-2025, ಸಂಜೆ 5-10
ಸಹಿ (ಮರಾಠಿಯಲ್ಲಿ): ಪ್ರತಾಪ ಗಂ. ಕಾಂಬಳೆ
ಗಾಲಿ ಪಡೆದುಕೊಂಡವರ ಸಹಿ: ಸಪನಾ ಪ್ರ. ಕಾಂಬಳೆ