ಹುಣಸೇಹಣ್ಣಲ್ಲಿ ತೊಳೆದ ಮೊಳೆ

ಮೊಳೆ ಬಗ್ಗಿತಾ? ಬಗ್ಗತ್ತೆ ಬಿಡು, ಗೋಡೆ ಗಟ್ಟಿ. ಆ ಸುತ್ತಿಗೆ ಕೆಳಗಿಟ್ಟು ಇಲ್ಲಿ ಬಾ, ಬೆರಳು ಜಜ್ಜಿಕೊಂಡೀಯ. ಮೊಳೆ ವಿಷಯ ನನಗೆ ಹೇಳಬೇಡ ಮಾರಾಯ. ನಾನು ಮೊಳೆ ಫ್ಯಾಕ್ಟರೀಲಿ ಕೆಲಸ ಮಾಡಿದವಳು, ಗೊತ್ತಾ ನಿಂಗೆ? ನಗ್ತೀಯಲ್ಲ, ನಿಮ್ಮಮ್ಮನ್ನ ಕೇಳು. ಅವಳಿಗೆಲ್ಲಿ ನೆನಪಿರತ್ತೆ, ಆಗಿನ್ನೂ ಅಂಬೆಗಾಲಿಡ್ತಿದ್ಲು. ನಿಮ್ಮ ಅಜ್ಜ ಹೋಗಿ ವರ್ಷ ತುಂಬಿತ್ತು ಅಷ್ಟೆ. ನಾನು ಮಗು ಎತ್ತಿಕೊಂಡು ಶಿವಮೊಗ್ಗಕ್ಕೆ ಅಣ್ಣನ ಮನೆಗೆ ಬಂದಿದ್ದೆ. ಅಣ್ಣ ಒಳ್ಳೇವ್ನು, ಒಂದು ದಿನ ಒಂದು ಮಾತು ಅಂದವನಲ್ಲ. ಅತ್ತಿಗೆ ಅಂತಿದ್ಲು. ನನಗೆ ನೇರ ಅಂತಿರ್ಲಿಲ್ಲ, ಗೋಡೆಗೆ ಹೇಳೋಳು, ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲದು ಅಂತ. ಆಗ ರೇಷನ್ನಲ್ಲಿ ಆ ಕೆಂಪು ಜೋಳ ಕೊಡ್ತಿದ್ರು, ಏನ್ ಮಾಡಿದ್ರೂ ರೊಟ್ಟಿ ತಟ್ಟೋಕೆ ಬರ್ತಿರ್ಲಿಲ್ಲ, ಹರಿದು ಹರಿದು ಹೋಗೋದು. ಆ ಹರಿದ ರೊಟ್ಟಿ ತಿನ್ನುವಾಗ್ಲೂ ಅವಳ ಕಣ್ಣು ನನ್ನ ತಟ್ಟೆ ಮೇಲೇ ಇರ್ತಿತ್ತು. ಜೋಳದ ಮಾತು ಬಿಡು, ನಾನು ಹೇಳೋಕೆ ಹೊರಟಿದ್ದು ಫ್ಯಾಕ್ಟರೀದು.

ರಾಗಿಗುಡ್ಡದ ಕಡೆ ಹೋಗೋ ದಾರೀಲಿ ಒಂದು ತಗಡಿನ ಶೆಡ್ಡು. ಅಡಿಕೆ ವ್ಯಾಪಾರದ ಸಾಹುಕಾರ್ರೊಬ್ರು ಮೊಳೆ ಮಾಡೋ ಮೆಷಿನ್ನು ತರಿಸಿ ಕೂರಿಸಿದ್ರು. ಆವಾಗೆಲ್ಲ ಅದೇ ಮಾತಲ್ವಾ, ನಮ್ಮ ದೇಶಕ್ಕೆ ಬೇಕಾದ್ದು ನಾವೇ ಮಾಡ್ಕೋಬೇಕು, ಊರಿಗೊಂದು ಕಾರ್ಖಾನೆ ಆಗಬೇಕು ಅಂತ. ಪೂಜೆ ದಿನ ಊರೆಲ್ಲ ಬಂದಿತ್ತು. ಈ ಕಡೆಯಿಂದ ತಂತಿ ಹೋಗೋದು, ಆ ಕಡೆಯಿಂದ ಮೊಳೆ ಉದುರೋದು, ಮಳೆ ಬಂದ ಹಾಗೆ. ಹೆಂಗಸ್ರನ್ನ ಪ್ಯಾಕಿಂಗಿಗೆ ತಗೋತಾರೆ ಅಂತ ಗೊತ್ತಾಯ್ತು, ನಾನು ಅಣ್ಣನ್ನ ಕೇಳಿದೆ, ಅಣ್ಣ ಅತ್ತಿಗೆ ಮುಖ ನೋಡ್ದ, ಅತ್ತಿಗೆ ಮಾನ ಹೋಗತ್ತೆ ಅಂತ ಒಂದು ದಿನ ಪೂರ್ತಿ ಅತ್ಲು, ಆಮೇಲೆ ಸಂಬಳ ಬರತ್ತೆ ಅಂದ್ಮೇಲೆ ಸುಮ್ಮನಾದ್ಲು. ನನಗೆ ಎಷ್ಟು ಸಂತೋಷ ಗೊತ್ತಾ? ಬೆಳಿಗ್ಗೆ ತಲೆ ಬಾಚಿಕೊಂಡು, ಸೆರಗು ಸಿಗಿಸಿಕೊಂಡು, ನಾನೂ ಕೆಲಸಕ್ಕೆ ಹೋಗ್ತೀನಿ ಅಂತ ನಡೆಯೋದು. ಆ ಕೆಲಸ ಉಳಿದ್ರೆ ನನ್ನ ಮಗು ಯಾರ ಬಾಯಿಗೂ ಬೀಳ್ದೆ ಬೆಳೆಯತ್ತೆ. ನನ್ನ ತಲೇಲಿ ಅದೊಂದೇ ಇದ್ದಿದ್ದು.

ಮೊದಮೊದಲು ಚೆನ್ನಾಗೇ ಓಡ್ತು. ಆಮೇಲೆ ಶುರುವಾಯ್ತು ನೋಡು. ಕರೆಂಟು ಇದ್ರೆ ತಂತಿ ಇಲ್ಲ, ತಂತಿ ಇದ್ರೆ ಕರೆಂಟು ಇಲ್ಲ. ಎರಡೂ ಇದ್ದ ದಿನ ಮೊಳೆ ತಲೆ ಕೂರಿಸೋ ಅಚ್ಚು ಸವೆದಿರೋದು. ಹೊಸ ಅಚ್ಚು ಬೊಂಬಾಯಿಂದ ಬರಬೇಕು, ಬೊಂಬಾಯಿಗೆ ಅದು ಎಲ್ಲಿಂದ್ಲೋ ಬರಬೇಕು. ಸವೆದ ಅಚ್ಚಲ್ಲೇ ಹೊಡೆದ್ರೆ ಮೊಳೆ ತಲೆ ಹಾರಿ ಹೋಗೋದು, ಬಡಗಿಗಳು ಹಿಡಿ ತುಂಬಾ ತಂದು ಬಾಗಿಲಲ್ಲಿ ಸುರಿದು ಹೋಗೋರು, ನಮಗೆ ಬೊಂಬಾಯಿ ಮೊಳೆನೇ ಸಾಕು ಅಂತ. ಹೀಗೇ ಒಂದ್ಸಲ ಮೆಷಿನ್ನು ನಿಂತೇ ಹೋಗಿತ್ತು, ಸಂಬಳಕ್ಕೆ ದುಡ್ಡಿಲ್ಲ, ಶೆಡ್ಡಲ್ಲಿ ತಂತಿ ಸುಮ್ನೆ ಬಿದ್ದಿತ್ತು. ಅವಾಗ ತಂತಿ ಅಂಗಡೀಲಿ ಸಿಗ್ತಿರ್ಲಿಲ್ಲ ಕಣೋ. ಸರ್ಕಾರದ ಕೋಟಾ. ಮೊಳೆ ಮಾಡ್ತೀವಿ ಅಂತ ಬರೆದುಕೊಟ್ಟೋರಿಗೆ ಮಾತ್ರ ಕಂಟ್ರೋಲು ರೇಟಲ್ಲಿ, ಅಗ್ಗಕ್ಕೆ, ಭದ್ರಾವತಿ ಕಡೆಯಿಂದ ಲಾರೀಲಿ ಬರೋದು. ಸಾಹುಕಾರ್ರು ಆ ತಂತೀನ ಹೊಳೆಹೊನ್ನೂರಿನ ಒಬ್ಬ ದಲ್ಲಾಳಿಗೆ ಬ್ಲಾಕಲ್ಲಿ ಕೊಟ್ಟುಬಿಟ್ರು, ನಮಗೆಲ್ಲ ಸಂಬಳ ಕೊಡೋಕೇ ಕೊಟ್ಟಿದ್ದು, ಸುಳ್ಳು ಯಾಕೆ ಹೇಳ್ಲಿ. ಕೊಟ್ಟ ಮೇಲೆ ಗೊತ್ತಾಯ್ತು ಅವರಿಗೆ, ತಂತೀನ ಮೊಳೆ ಮಾಡಿ ಮಾರಿದ್ರೆ ಬರೋದಕ್ಕಿಂತ ತಂತೀನ ತಂತಿ ಹಾಗೇ ಮಾರಿದ್ರೆ ಜಾಸ್ತಿ ಬರತ್ತೆ ಅಂತ. ಮುಗೀತು. ಅವತ್ತಿಂದ ಲಾರಿ ಒಂದು ಬಾಗಿಲಲ್ಲಿ ಬರೋದು, ಇನ್ನೊಂದು ಬಾಗಿಲಲ್ಲಿ ಹೋಗೋದು. ಮೆಷಿನ್ನಿಗೆ ಗೋಣಿತಾಟು ಹೊದಿಸಿದ್ರು.

ನಮ್ಮನ್ನ ಬಿಡಿಸ್ಲಿಲ್ಲ. ಅದೇ ಮಜಾ. ಫ್ಯಾಕ್ಟರಿ ಅಂದ್ಮೇಲೆ ಜನ ಇರಬೇಕಲ್ಲ, ಸರ್ಕಾರದ ಸಾಹೇಬ್ರು ಬಂದಾಗ ತೋರಿಸೋಕೆ. ನಾನು, ಪಾರ್ವತಕ್ಕ ಅಂತ ನನ್ನ ಜೊತೆಯವಳು, ಇನ್ನಿಬ್ರು ಹೆಂಗಸ್ರು, ಬೆಳಿಗ್ಗೆ ಹೋಗೋದು, ಹಳೇ ಮೊಳೆ ರಾಶಿ ಮುಂದೆ ಕೂರೋದು, ಹೂ ಕಟ್ಟೋದು, ಮನೆಯಿಂದ ಅಕ್ಕಿ ಕಟ್ಟಿಕೊಂಡು ಬಂದು ಅಲ್ಲೇ ಆರಿಸೋದು, ಸಂಜೆ ಎದ್ದು ಬರೋದು. ಪಾರ್ವತಕ್ಕಂಗೆ ಅದೇ ಸುಖ. ನನಗೆ ಮೈಯೆಲ್ಲ ಉರಿಯೋದು. ಒಂದು ದಿನ ಸಾಹುಕಾರ್ರನ್ನ ಕೇಳೇಬಿಟ್ಟೆ, ಮೆಷಿನ್ನು ಯಾವಾಗ ಶುರು ಮಾಡ್ತೀರಿ ಅಂತ. ಅವರು, ಸಂಬಳ ಬರ್ತಿದೆಯಲ್ಲಮ್ಮ, ನಿಮಗೆ ಕಷ್ಟ ಏನು ಅಂದ್ರು. ನಾನು ವಾಪಸ್ಸು ಬಂದು ಅಕ್ಕಿ ಮೊರ ಎಳ್ಕೊಂಡೆ.

ಹೀಗಿರುವಾಗ ಬೆಂಗಳೂರಿಂದ ಸಾಹೇಬ್ರು ನೋಡೋಕೆ ಬರ್ತಾರೆ ಅಂತ ಸುದ್ದಿ ಬಂತು. ಕೊಟ್ಟ ತಂತಿ ಮೊಳೆ ಆಗ್ತಿದೆಯಾ ಇಲ್ವಾ ಅಂತ ನೋಡೋರು. ಆಗ್ತಿಲ್ಲ ಅಂದ್ರೆ ಕೋಟಾ ಕಟ್ಟು. ಸಾಹುಕಾರ್ರಿಗೆ ಕೈಕಾಲು ಆಡ್ಲಿಲ್ಲ. ಶೆಡ್ಡಲ್ಲಿ ಇದ್ದಿದ್ದೇ ಆ ಹಳೇ ರಾಶಿ, ಅದಕ್ಕೂ ತುಕ್ಕು. ಹೊಸದಾಗಿ ಕಾಣಬೇಕು, ಏನಾದ್ರೂ ಮಾಡಿ ಅಂದ್ರು. ಆಗ ಪಾರ್ವತಕ್ಕ ಅಂದ್ಲು, ಹಬ್ಬಕ್ಕೆ ಹಿತ್ತಾಳೆ ಪಾತ್ರೆ ಬೆಳಗಲ್ವೇನ್ರೇ, ಹಾಗೇ ಬೆಳಗಿದ್ರಾಯ್ತು. ಎಲ್ಲರಿಗೂ ಸರಿ ಅನ್ನಿಸ್ತು. ಸಾಹುಕಾರ್ರ ಮನೆಯಿಂದ ಹಂಡೆ ಬಂತು, ಬುಟ್ಟಿ ತುಂಬಾ ಹಳೇ ಹುಣಸೇಹಣ್ಣು ಬಂತು, ಒಲೆ ಬೂದಿ ಬಂತು. ದಿನವಿಡೀ ಕೂತು ತಿಕ್ಕಿದ್ವಿ, ಮಾರಾಯ, ಮೊಳೆ ಚುಚ್ಚಿ ಚುಚ್ಚಿ ಕೈ ಎಲ್ಲ ಗಾಯ, ಆ ಗಾಯಕ್ಕೆ ಹುಳಿ. ಆದ್ರೆ ಸಂಜೆ ಹೊತ್ತಿಗೆ ಮೊಳೆ ಬೆಳ್ಳಿ ಹಾಗೆ ಹೊಳೀತಿತ್ತು. ಸಾಹುಕಾರ್ರು ಕೈ ಮುಗಿದ್ರು ನಮಗೆ.

ಸಾಹೇಬ್ರು ಅವತ್ತು ಬರ್ಲಿಲ್ಲ. ಸಾಗರದ ಕಡೆ ಹೋಗಿದ್ರಂತೆ, ವಾಪಸ್ಸು ಬರುವಾಗ ಆಯನೂರಲ್ಲಿ ಜೀಪು ಕೆಟ್ಟು ಅಲ್ಲೇ ಉಳಿದ್ರಂತೆ. ನಾಳೆ ಬರ್ತಾರೆ ಅಂದ್ರು. ಬೆಳಿಗ್ಗೆ ನಾವು ಹೋಗಿ ಮೊಳೆ ತುಂಬಿಟ್ಟ ಗೋಣಿ ಬಿಚ್ಚಿದ್ರೆ, ಅಯ್ಯೋ, ಕೆಂಪಗೆ ಆಗಿ ಕೂತಿದೆ. ಮೊದಲಿಗಿಂತ ಕಡೆ. ಹಿತ್ತಾಳೆ ಬೇರೆ ಕಬ್ಬಿಣ ಬೇರೆ ಅಲ್ವಾ, ಹುಳಿ ತಾಗಿದ ಕಬ್ಬಿಣ ರಾತ್ರಿ ಕಳೆಯೋದರಲ್ಲಿ ಮತ್ತೆ ತುಕ್ಕು ಹಿಡಿಯತ್ತೆ. ಮನೇಲಿ ಕಬ್ಬಿಣದ ಈಳಿಗೆಮಣೆ ಇಟ್ಟುಕೊಂಡೋರು ನಾವು, ನಾಲ್ಕು ಜನದಲ್ಲಿ ಒಬ್ಬರಿಗಾದ್ರೂ ಹೊಳೀಬೇಕಲ್ವಾ? ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ ಅಂತ ಗಾದೆ ಮಾತು ಕೇಳಿದ್ದೆ, ನಾವು ಹುಣಸೇಹಣ್ಣಲ್ಲಿ ಮೊಳೆ ತೊಳೆದ್ವಿ. ಅಷ್ಟರಲ್ಲಿ ಜೀಪು ಬಂದೇಬಿಡ್ತು.

ಸಾಹುಕಾರ್ರು ಏನು ಬುದ್ಧಿವಂತ್ರು ಅಂತೀಯ. ನೋಡಿ ಸಾಹೇಬ್ರೆ, ಎಂಥಾ ತಂತಿ ಕೊಡ್ತಾರೆ ನಮಗೆ, ಮೊಳೆ ಮಾಡಿದ ಮರುದಿನವೇ ಹೀಗೆ ಅಂತ ಶುರು ಮಾಡಿದ್ರು. ಸಾಹೇಬ್ರು ಒಂದು ಮೊಳೆ ತಗೊಂಡು ಉಜ್ಜಿದ್ರು, ಬೆರಳು ಕೆಂಪಗಾಯ್ತು, ಕರ್ಚೀಫಲ್ಲಿ ಒರೆಸಿಕೊಂಡ್ರು. ಎದುರಿಗೆ ನಾನಿದ್ದೆ. ನನ್ನ ಕೇಳಿದ್ರು, "ಹೌದೇನಮ್ಮ?"

ಪಾರ್ವತಕ್ಕ ನನ್ನ ಸೆರಗು ಜಗ್ಗಿದ್ಲು. ಹೌದು ಅಂದಿದ್ರೆ ಆಗ್ತಿತ್ತು. ನನಗೆ ಎಲ್ಲಿಂದ ಬಂತೋ ಸಿಟ್ಟು, "ಇಲ್ಲ ಸಾಮಿ, ಇವು ಹಳೇ ಮೊಳೆ. ನಿಮಗೆ ತೋರಿಸೋಕೆ ಅಂತ ನಿನ್ನೆ ಹುಣಸೇಹಣ್ಣು ಹಾಕಿ ತೊಳೆದಿದ್ದೀವಿ. ಮೆಷಿನ್ನು ಓಡ್ತಾನೇ ಇಲ್ಲ. ಅದನ್ನ ಓಡಿಸೋಕೆ ಹೇಳಿ," ಅಂದುಬಿಟ್ಟೆ. ಕೆಲಸ ಹೋಯ್ತು, ಸಂಜೆ ಅತ್ತಿಗೆ ಮುಖ ನೋಡಬೇಕು ಅಂದ್ಕೊಂಡೆ.

ಸಾಹೇಬ್ರು ನನ್ನ ನೋಡಿದ್ರು, ಗೋಣಿತಾಟು ಹೊದ್ದ ಮೆಷಿನ್ನು ನೋಡಿದ್ರು, ಆಮೇಲೆ ನಕ್ಕುಬಿಟ್ರು. ಹೆಂಗಸ್ರ ಕೈಗೆ ಮೊಳೆ ಕೊಟ್ರೆ ಪಾತ್ರೆ ಬೆಳಗಿದ ಹಾಗೆ ಬೆಳಗಿದ್ದಾರಲ್ರೀ ಅಂತ ಸಾಹುಕಾರ್ರ ಬೆನ್ನು ತಟ್ಟಿದ್ರು. ಮಿಕ್ಕಿದ್ದು ಅವರ ಕಿವಿಗೆ ಬೀಳ್ಲೇ ಇಲ್ವೋ, ಬಿದ್ರೂ ಬೇಡ ಅಂದ್ಕೊಂಡ್ರೋ. ಸಾಹುಕಾರ್ರ ಮನೇಲಿ ಊಟ ಮಾಡಿ ಹೋದ್ರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು. ಕೋಟಾ ಒಂದು ಚೂರೂ ಕಮ್ಮಿ ಆಗ್ಲಿಲ್ಲ.

ಸಾಹುಕಾರ್ರು ನನ್ನ ಕರೆಸಿದ್ರು. ಬೈತಾರೆ ಅಂತ ಹೋದ್ರೆ, ಕೂತ್ಕೊಳ್ಳಮ್ಮ ಅಂದ್ರು. "ಮೊಳೆ ಮಾಡಿದ್ರೆ ಲುಕ್ಸಾನು, ಮಾಡ್ದೇ ಇದ್ರೆ ಲಾಭ. ನನ್ನ ಜಾಗದಲ್ಲಿ ನೀನಿದ್ರೆ ಏನು ಮಾಡ್ತಿದ್ದೆ ಹೇಳು," ಅಂದ್ರು. ಕೆಟ್ಟ ಮನುಷ್ಯ ಅಲ್ಲ ಕಣೋ, ಅದೇ ನನ್ನ ಹೊಟ್ಟೆ ಉರಿಸೋದು. ಕೆಟ್ಟೋರಾಗಿದ್ರೆ ನಾಲ್ಕು ಬೈದು ಸಮಾಧಾನ ಮಾಡ್ಕೋಬಹುದಿತ್ತು. ಎದ್ದು ಮತ್ತೆ ಹೋಗಿ ರಾಶಿ ಮುಂದೆ ಕೂತೆ.

ಹಾಗೇ ಎರಡು ವರ್ಷ ಆಯ್ತು. ಎರಡೂ ಅಲ್ಲ, ಮೇಲೇ ಆಯ್ತು. ಆಮೇಲೆ ತಂತಿ ಅಂಗಡೀಲೇ ಸಿಗೋ ಹಾಗಾಯ್ತು, ದಲ್ಲಾಳಿ ಬರೋದು ನಿಲ್ಲಿಸ್ದ, ಸಾಹುಕಾರ್ರು ಶೆಡ್ಡಿಗೆ ಬೀಗ ಹಾಕಿ ಬಟ್ಟೆ ಅಂಗಡಿ ಇಟ್ರು. ಮೆಷಿನ್ನು ಗುಜರಿಗೆ ಹೋಯ್ತು. ಅತ್ತಿಗೆ ಮತ್ತೆ ಗೋಡೆ ಜೊತೆ ಮಾತು ಶುರು ಮಾಡಿದ್ಲು. ನಾನು ಹೆದರಲಿಲ್ಲ, ನನಗೆ ಕೆಲಸ ಗೊತ್ತಿದೆಯಲ್ಲ ಅಂತ ಧೈರ್ಯ. ಭದ್ರಾವತೀಲಿ ಒಂದು ವರ್ಕ್‌ಶಾಪಲ್ಲಿ ಬೋಲ್ಟು, ಮೊಳೆ ಎಲ್ಲ ಮಾಡ್ತಾರೆ, ಹೆಂಗಸ್ರನ್ನ ತಗೋತಾರೆ ಅಂತ ಕೇಳಿ ರೈಲು ಹತ್ತಿ ಹೋದೆ. ಅಲ್ಲಿ ಒಬ್ಬ ತಮಿಳು ಮೇಸ್ತ್ರಿ, ವಯಸ್ಸಾದವನು. ಏನು ಬರತ್ತಮ್ಮ ಅಂದ. ಮೊಳೆ ಪ್ಯಾಕಿಂಗು, ಎರಡು ವರ್ಷ ಮಾಡಿದ್ದೀನಿ ಅಂತ ಎದೆ ಎತ್ತಿ ಹೇಳಿದೆ. ಸರಿ, ಮಾಡಿ ತೋರಿಸು ಅಂತ ತಕ್ಕಡಿ, ಕಾಗದ, ಮೊಳೆ ರಾಶಿ ಮುಂದಿಟ್ಟ. ಪಕ್ಕದಲ್ಲಿ ಅವರ ಹುಡುಗೀರು ಕೂತಿದ್ರು, ಬಾಚೋದು, ತೂಗೋದು, ಮಡಿಸೋದು, ಕಟ್ಟೋದು, ಕಣ್ಣು ಮಿಟುಕಿಸೋದರಲ್ಲಿ ಪೊಟ್ಟಣ ರೆಡಿ. ನನ್ನ ಕೈಯಲ್ಲಿ ಕಾಗದ ಹರೀತು, ಮೊಳೆ ಚೆಲ್ತು, ಬಗ್ಗಿ ಆರಿಸಿದೆ, ಮತ್ತೆ ಚೆಲ್ತು. ಮೇಸ್ತ್ರಿ ಬೈಲಿಲ್ಲ. "ಎರಡು ವರ್ಷ ಅಂತೀಯ, ಕೈ ಪಳಗೇ ಇಲ್ಲವಲ್ಲಮ್ಮ," ಅಂದ.

ಕಸ ಗುಡಿಸೋಕೆ ಒಬ್ರು ಬೇಕು, ಬರ್ತೀಯಾ ಅಂದ. ಬರ್ತೀನಿ ಅಂದೆ. ನಿಮ್ಮಮ್ಮ ಸ್ಕೂಲಿಗೆ ಹೋಗಿದ್ದು ಆ ಪೊರಕೆ ದುಡ್ಡಲ್ಲಿ. ಸುಮ್ನೆ ಕೂರಿಸಿ ಕೊಟ್ಟ ಸಂಬಳ ಇದ್ಯಲ್ಲ, ಅದು ಹೊಟ್ಟೆಗೆ ಹಾಕಿ ಕೈ ಕಿತ್ತುಕೊಂಡು ಹೋಗತ್ತೆ. ಏಳು, ಎಲೆ ಹಾಕು, ಊಟಕ್ಕೆ ಹೊತ್ತಾಯ್ತು.